ಎರಡು ನಲವತ್ತರ ಗೆರೆ

ಕಂತು ಏಳು

“ಇಷ್ಟು ದೊಡ್ಡ ಕೊಕ್ಕರೆಗೆ ಒಂದೇ ಕಾಲೇನೇ?” ಎಂದರು ಅಜ್ಜಿ, ಗೋಡೆಯ ಮೇಲಿನ ಚಿತ್ರ ನೋಡುತ್ತ.

“ಇನ್ನೊಂದು ಮಡಚ್ಕೊಂಡಿದೆ ಅಜ್ಜೀ. ನಿದ್ದೆ ಮಾಡ್ತಿದೆ ಅದು.”

“ನಿಂತ್ಕೊಂಡೇ ನಿದ್ದೆನಾ? ಸರಿ ಹೋಯ್ತು, ನಿಮ್ಮಪ್ಪನ ಥರ.”

ಬಸ್ಸು ಓಡಿಸುವ ಅಪ್ಪ ನಗುವುದಕ್ಕೆ ಪ್ರಯತ್ನಿಸಿ, ಅದು ಮುಖಕ್ಕೆ ಕೂರದೆ, ಜೇಬಿನಿಂದ ಫೋನ್ ತೆಗೆದರು. “ಗುಬ್ಬಿ, ಅಜ್ಜಿದೂ ಕೊಕ್ಕರೆದೂ ಒಂದು ಫೋಟೋ ತೆಗಿ, ನೋಡೋಣ.”

ಗುಬ್ಬಿ ಎರಡೂ ಕೈಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು.

ಅಪ್ಪ, ಅಜ್ಜಿ, ಚಿಕ್ಕಿ ಮೂವರೂ ಅದನ್ನು ಕಂಡೂ ಕಾಣದಂತೆ ಗೋಡೆಯ ಕಡೆ ತಿರುಗಿದರು. ಒಂಬತ್ತು ವರ್ಷದ ಆ ಹುಡುಗಿ ಫೋನ್ ಮುಟ್ಟಿ ಎಂಟು ತಿಂಗಳಾಗಿತ್ತು. ಅವಳ ಅಮ್ಮ ಇದೇ ಚಿತ್ರಪುಸ್ತಕ ಭವನದ ಉಗ್ರಾಣದಲ್ಲಿ ಏಣಿಯಿಂದ ಬಿದ್ದು ತೀರಿಕೊಂಡದ್ದು, ಸಂಜೆ ನಾಲ್ಕು ಹತ್ತಕ್ಕೆ ಬಂದ ಕರೆಯನ್ನು ತೆಗೆಯಲು ಕೈ ಬಿಟ್ಟದ್ದರಿಂದ ಎಂದು ಪೊಲೀಸ್ ಕಡತದಲ್ಲಿ ಬರೆದಿತ್ತು. ಆ ಕರೆ ಮಾಡಿದವಳು ಗುಬ್ಬಿ.

ಭವನವನ್ನು ಕಟ್ಟಿದವರಿಗೆ ಮಕ್ಕಳ ಮನಸ್ಸು ಗೊತ್ತಿತ್ತು. ಹೆಬ್ಬಾಗಿಲೇ ಒಂದು ಪುಸ್ತಕದ ರಟ್ಟು. ಒಳಗಿನ ಹನ್ನೆರಡು ಕೋಣೆಗಳು ಹನ್ನೆರಡು ಪುಟಗಳು. ಮಸಿಕುಡಿಕೆಯಾಕಾರದ ಜಾರುಬಂಡೆಯಿಂದ ಮಕ್ಕಳು ಕಿರುಚುತ್ತ ಇಳಿಯುತ್ತಿದ್ದರು. ಕೋಣೆಕೋಣೆಗೂ ಹಳೆಯ ಕಥೆಪುಸ್ತಕಗಳ ಮೂಲಚಿತ್ರಗಳು. ಹನ್ನೆರಡನೆಯದರಲ್ಲಿ, ತಲುಪಿಸಲಾಗದ ಒಂದು ಪತ್ರವನ್ನು ಕೊಕ್ಕಿನಲ್ಲಿ ಕಚ್ಚಿಕೊಂಡೇ ನಿದ್ದೆಹೋದ ಅಂಚೆ ಕೊಕ್ಕರೆ. ಆ ಚಿತ್ರದ ಎಡಮೂಲೆಯನ್ನು ನೀರು ತಿಂದಿತ್ತು. ಅದನ್ನು ದುರಸ್ತಿ ಮಾಡಿದವಳು ಗುಬ್ಬಿಯ ಅಮ್ಮ. ಅವಳ ಕೊನೆಯ ಕೆಲಸದ ನೆನಪಿಗೆಂದೇ ಭವನದವರು ಇಂದು ಈ ಸಂಸಾರವನ್ನು ಕರೆಸಿದ್ದರು.

ಗುಬ್ಬಿಯ ಚಿಕ್ಕಿ, ಅಮ್ಮನ ತಂಗಿ, ಚಿತ್ರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತಿದ್ದಳು. ಅವಳು ಪೊಲೀಸ್ ಪ್ರಯೋಗಾಲಯದಲ್ಲಿ ದಾಖಲೆಗಳ ಪರೀಕ್ಷಕಿ. ಕಾಗದ, ಮಸಿ, ಗೆರೆ ಇವು ಅವಳ ದಿನದ ಅನ್ನ. ಅಕ್ಕ ತುಂಬಿದ ಜಾಗ ದೂರಕ್ಕೆ ಒಂದೇ ನೀಲಿ. ಹತ್ತಿರಕ್ಕೆ ಕೂದಲೆಳೆಯಂಥ ನೂರಾರು ಲಂಬಗೆರೆಗಳು.

“ನೋಡೋರಿಗೆ ಮೋಸ ಆಗ್ಬಾರ್ದು ಕಣೇ,” ಎನ್ನುತ್ತಿದ್ದಳು ಅಕ್ಕ. “ಎಲ್ಲಿ ಹರಿದಿತ್ತು ಅಂತ ಹುಡುಕಿದ್ರೆ ಸಿಗ್ಬೇಕು.”

ರಕ್ತಸಂಬಂಧಿಗಳ ಕಡತವನ್ನು ಪರೀಕ್ಷಕರು ಮುಟ್ಟಬಾರದೆಂಬ ನಿಯಮವಿದೆ. ಆ ನಿಯಮದ ನೆರಳಿನಲ್ಲಿ ಎಂಟು ತಿಂಗಳು ಅವಳೂ ಅವಿತುಕೊಂಡಿದ್ದಳು.

“ಚಿಕ್ಕೀ, ಇಲ್ಲಿ ಬಾ!” ಗುಬ್ಬಿ ಆಗಲೇ ಪಕ್ಕದ ಅಂಗಳಕ್ಕೆ ಓಡಿದ್ದಳು. “ಅಮ್ಮನ ಮೇಜು!”

*

ನೆಲದಿಂದ ಸೂರಿನವರೆಗೆ ಗಾಜು. ಅದರ ಹಿಂದೆ ಅಕ್ಕನ ಕೆಲಸದ ಮೇಜು ಅಕ್ಕನಿಲ್ಲದೆ ನಿಂತಿತ್ತು. ಕುಂಚಗಳು, ಭೂತಗನ್ನಡಿ, ಅಂಟಿಸುವ ಗಂಜಿಯ ಬಟ್ಟಲು, ಒಂದು ತೋಳಿಗೆ ನೀಲಿ ದಾರ ಸುತ್ತಿದ ಕನ್ನಡಕ, ಗೂಟದಲ್ಲಿ ಏಪ್ರನ್.

ಅಜ್ಜಿ ಏಪ್ರನ್ನಿನ ನೇರಕ್ಕೆ ಗಾಜಿನ ಮೇಲೆ ಅಂಗೈ ಇಟ್ಟರು.

“ಒಗೆದುಬಿಟ್ಟಿದಾರೆ,” ಎಂದರು. “ಯಾರು ಒಗೀರಿ ಅಂದ್ರು ಇವ್ರಿಗೆ? ಅವಳ ವಾಸನೆ ಇತ್ತು ಅದ್ರಲ್ಲಿ.”

ಗುಬ್ಬಿಯ ಅಪ್ಪ, ಚಿಕ್ಕಿಯ ಭಾವ, ಅತ್ತ ನೋಡಲೇ ಇಲ್ಲ. “ಐಸ್‌ಕ್ರೀಮ್ ತರ್ತೀನಿ,” ಎಂದು ಹೊರಟುಬಿಟ್ಟರು. ಅಜ್ಜಿ ಕಣ್ಣೊರೆಸಿಕೊಂಡು, “ನಾನೂ ಬರ್ತೀನಿ ನಡೀರಿ, ಕಾಲು ಹಿಡ್ಕೊಂಡಿದೆ, ಎಲ್ಲಾದ್ರೂ ಕೂರ್ಬೇಕು,” ಎಂದು ಹಿಂದೆಯೇ ನಡೆದರು.

“ಚಿಕ್ಕೀ, ತೇವದ ಡಬ್ಬಿ ನಿಂತುಹೋಗಿದೆ,” ಎಂದಳು ಗುಬ್ಬಿ.

ಮೇಜಿನ ಬಲತುದಿಯಲ್ಲಿ ಗಾಜಿನ ಮುಚ್ಚಳದ ಒಂದು ಹಿತ್ತಾಳೆ ಉಪಕರಣವಿತ್ತು. ನಡುವೆ ಒಂದು ಉರುಳೆ. ಉರುಳೆಗೆ ಸುತ್ತಿದ ಅಚ್ಚುಗೆರೆಗಳ ಕಾಗದ. ಕಾಗದಕ್ಕೆ ತಾಗಿದ ಸಣ್ಣ ಲೇಖನಿ. ಉರುಳೆಯೊಳಗಿನ ಗಡಿಯಾರ ಇಪ್ಪತ್ತನಾಲ್ಕು ಗಂಟೆಗೆ ಒಂದು ಸುತ್ತು ಬರುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿದರೆ ಲೇಖನಿ ಮೇಲೇರುತ್ತದೆ, ಕಡಿಮೆಯಾದರೆ ಇಳಿಯುತ್ತದೆ. ಉಗ್ರಾಣದಲ್ಲಿ ಚಿತ್ರಗಳ ಕಾವಲಿಗೆ ಅದನ್ನು ಇಟ್ಟಿದ್ದರು.

“ನಿನಗೆ ಇದು ಓದೋಕ್ಕೆ ಬರುತ್ತಾ?”

“ಅಮ್ಮ ಹಳೇ ಕಾಗದ ಮನೆಗೆ ತರ್ತಿದ್ಲು. ಹಿಂದ್ಗಡೆ ನಾನು ಚಿತ್ರ ಬಿಡಿಸ್ತಿದ್ದೆ,” ಎಂದಳು ಗುಬ್ಬಿ. “ಗೆರೆ ನೆಟ್ಟಗಿದ್ರೆ ಬಾಗಿಲು ಹಾಕಿದೆ ಅಂತ. ಹಲ್ಲು ಥರ ಮೇಲೆ ಹೋದ್ರೆ ಯಾರೋ ಬಾಗಿಲು ತೆಗೆದ್ರು, ಹೊರಗಿನ ಗಾಳಿ ಬಂತು ಅಂತ. ಬೆಳಿಗ್ಗೆ ಒಂಬತ್ತಕ್ಕೆ ಹೊಸ ಕಾಗದ ಹಾಕ್ಬೇಕು, ಕೀಲಿ ಕೊಡ್ಬೇಕು. ಮಧ್ಯಾಹ್ನ ಹನ್ನೆರಡಕ್ಕೆ ಲೇಖನಿನ ಹೀಗೆ ಟಕ್ ಅನ್ನಿಸ್ಬೇಕು. ಆಗ ಗಡಿಯಾರ ಸುಳ್ಳು ಹೇಳ್ತಿದ್ರೆ ಗೊತ್ತಾಗುತ್ತೆ.”

ಪರೀಕ್ಷಕಿಯ ಕಣ್ಣು ಕಾಗದದ ಅಂಚಿಗೆ ಹೋಯಿತು. ಅಕ್ಕನ ಅಕ್ಷರ; ಅಕ್ಕ ಹಾಕಿದ ತಾರೀಖು.

ಅದು ಅವಳು ಸತ್ತ ದಿನದ ತಾರೀಖು.

ಒಂದು ಕ್ಷಣ ಸುತ್ತಲಿನ ಮಕ್ಕಳ ಗಲಾಟೆ ಕಿವಿಯಿಂದ ದೂರ ಸರಿಯಿತು. ಎಂಟು ತಿಂಗಳಿಂದ ಪೊಲೀಸರು ನೋಡದ ಕಾಗದವನ್ನು ದಿನವೂ ನೂರಾರು ಮಕ್ಕಳು ನೋಡಿಕೊಂಡು ಹೋಗಿದ್ದರು.

“ಗುಬ್ಬಿ, ಆ ಕೊಕ್ಕರೆಯ ಪತ್ರದ ಮೇಲೆ ಎಷ್ಟು ಮುದ್ರೆ ಇದೆ ಎಣಿಸ್ಕೊಂಡು ಬರ್ತೀಯಾ?”

“ಮೂರು. ಬೇಕಾದ್ರೆ ಇನ್ನೊಂದ್ಸಲ ಎಣಿಸ್ತೀನಿ,” ಎಂದು ಹುಡುಗಿ ಓಡಿದಳು.

ಲೇಖನಿ ಹನ್ನೆರಡರ ಹತ್ತಿರ ನಿಂತುಬಿಟ್ಟಿತ್ತು. ಅಪರಾಹ್ನದ ಭಾಗ ಉರುಳೆಯ ಪಕ್ಕಕ್ಕೆ ಸರಿದಿತ್ತು, ಎದುರಿನಿಂದ ಕಾಣುತ್ತಿರಲಿಲ್ಲ. ಪರೀಕ್ಷಕಿ ಗಾಜಿನ ಪಕ್ಕಕ್ಕೆ ಹೋಗಿ, ಮೊಣಕಾಲೂರಿ, ಕೈಚೀಲದ ಮಸೂರವನ್ನು ಕಣ್ಣಿಗೆ ಹಿಡಿದಳು.

ಮೊದಲು ಅವಳು ಕಾಗದವನ್ನೇ ಅನುಮಾನಿಸಿದಳು, ಕೆಲಸದ ಅಭ್ಯಾಸ. ಒಂಬತ್ತರಿಂದ ಹನ್ನೆರಡರವರೆಗೆ ಎರಡು ಗೆರೆಗಳು ಒಂದರ ಮೇಲೊಂದು ಇದ್ದವು. ಸರಿ. ಮರುದಿನ ಕಾಗದ ಬದಲಾಯಿಸುವವರೂ ಕೀಲಿ ಕೊಡುವವರೂ ಇಲ್ಲದೆ, ಉರುಳೆ ಉಳಿದ ಬಲದಲ್ಲಿ ಎರಡನೆಯ ಸುತ್ತು ಹಿಡಿದು ಮೂರು ಗಂಟೆ ನಡೆದು ನಿಂತಿದೆ. ಆ ಎರಡನೆಯ ಗೆರೆಯಲ್ಲಿ ಒಂದೂ ಹಲ್ಲಿಲ್ಲ. ಉಗ್ರಾಣಕ್ಕೆ ಆಗ ಪೊಲೀಸರ ಬೀಗ. ಮೊದಲ ಗೆರೆಯಲ್ಲಿ ಹನ್ನೆರಡರ ಟಕ್ ಗುರುತು ಅಚ್ಚುಗೆರೆಯ ಮೇಲೆಯೇ ಬಿದ್ದಿದೆ. ಗಡಿಯಾರ ಸುಳ್ಳು ಹೇಳಿಲ್ಲ.

ಈಗ ಅಪರಾಹ್ನ. ಒಂದೂವರೆಗೆ ಒಂದು ಹಲ್ಲು: ಊಟ ಮುಗಿಸಿ ಅಕ್ಕ ಒಳಗೆ ಹೋದದ್ದು. ಎರಡು ಇಪ್ಪತ್ತಕ್ಕೆ ಒಂದು. ಎರಡೂವರೆಗೆ ಇನ್ನೊಂದು.

ಎರಡು ನಲವತ್ತಕ್ಕೆ ಹಲ್ಲಲ್ಲ. ಮೇಲಕ್ಕೂ ಕೆಳಕ್ಕೂ ಸೀಳಿದಂತೆ ಒಂದು ನೇರ ಗೀಟು. ಗಾಳಿ ಹಾಗೆ ಬದಲಾಗುವುದಿಲ್ಲ. ಉಪಕರಣವಿದ್ದ ಕಪಾಟಿಗೆ ಭಾರವಾದದ್ದೇನೋ ಬಡಿದಾಗ ಮಾತ್ರ ಲೇಖನಿ ಹಾಗೆ ಬೆಚ್ಚಿಬೀಳುತ್ತದೆ.

ಏಣಿ.

ಅವಳು ಮಸೂರವನ್ನು ಇಳಿಸಿ, ಉಸಿರೆಳೆದುಕೊಂಡು, ಮತ್ತೆ ನೋಡಿದಳು. ಎರಡು ನಲವತ್ತು. ಗುಬ್ಬಿಯ ಕರೆಗೆ ಒಂದೂವರೆ ಗಂಟೆ ಮೊದಲು.

ಮಗುವಿನ ತಪ್ಪಲ್ಲ. ಅಯ್ಯೋ ದೇವರೇ, ಮಗುವಿನ ತಪ್ಪೇ ಅಲ್ಲ.

ಎದ್ದು ಹೋಗಿ ಆ ಹುಡುಗಿಯನ್ನು ಅಪ್ಪಿಕೊಳ್ಳಬೇಕೆನಿಸಿತು. ಆದರೆ ಗೆರೆ ಅಲ್ಲಿಗೆ ಮುಗಿದಿರಲಿಲ್ಲ. ಎರಡು ಐವತ್ತಕ್ಕೆ ಮತ್ತೊಂದು ಹಲ್ಲು. ಆಮೇಲೆ ನೀರಿನಂತೆ ಸಮವಾದ ಗೆರೆ. ನಾಲ್ಕು ಇಪ್ಪತ್ತಕ್ಕೆ ಅಗಲವಾದ ದಿಬ್ಬ, ಜನ ನುಗ್ಗಿ ಬಾಗಿಲು ತೆರೆದೇ ಇಟ್ಟದ್ದು.

ಅಂದರೆ ಅಕ್ಕ ಬಿದ್ದ ಹತ್ತು ನಿಮಿಷಕ್ಕೆ ಯಾರೋ ಬಾಗಿಲು ತೆರೆದಿದ್ದರು, ಮತ್ತೆ ಮುಚ್ಚಿದ್ದರು. ಒಂದೂವರೆ ಗಂಟೆ ಅವಳು ಮುಚ್ಚಿದ ಬಾಗಿಲಿನ ಹಿಂದೆ ಬಿದ್ದಿದ್ದಳು.

*

ಗಾಜಿನ ಕೋಣೆಯ ಹಿಂಬಾಗಿಲು ಚೌಕಟ್ಟಿನ ಕೆಲಸದ ಕೊಠಡಿಗೆ ತೆರೆಯುತ್ತದೆ. ಚೌಕಟ್ಟು ಕಟ್ಟುವ ಹಿರಿಯರನ್ನು ಭವನದಲ್ಲಿ ಎಲ್ಲರೂ ಕರೆಯುವುದು ಫ್ರೇಮ್ ಮಾಮ ಎಂದೇ. ಬಿದ್ದಿದ್ದ ಅಕ್ಕನನ್ನು ಮೊದಲು ಕಂಡವರು ಅವರು. ಪರೀಕ್ಷಕಿ ಒಳಗೆ ಹೋದಾಗ ಬಿಳಿ ರಟ್ಟಿನ ಮೇಲೆ ಉಕ್ಕಿನ ಪಟ್ಟಿಯಿಟ್ಟು ಕತ್ತಿಯಿಂದ ಓರೆಯಾಗಿ ಕೊರೆಯುತ್ತಿದ್ದರು.

“ಬಾಮ್ಮ, ಬಾ. ಗುಬ್ಬಿ ಬಂದಿದೆಯಂತಲ್ಲ? ಅದಕ್ಕೊಂದು ಪುಟ್ಟ ಫ್ರೇಮ್ ಮಾಡ್ತಿದೀನಿ.”

“ಮಾಮ, ಅವತ್ತು ನಿಮಗೆ ಮೊದಲು ಕೇಳಿಸಿದ್ದು ಏನು?”

ಕತ್ತಿ ನಿಲ್ಲಲಿಲ್ಲ. “ಅದೆಲ್ಲ ಬರ್ಕೊಂಡು ಹೋದ್ರಲ್ಲಮ್ಮ. ಫೋನ್ ಹೊಡ್ಕೊಂತು. ಆಮೇಲೆ ಧಡ್ ಅಂತು.”

“ಫೋನ್ ಪೂರ್ತಿ ಹೊಡ್ಕೊಂಡು ನಿಂತಿತಾ, ಅರ್ಧಕ್ಕೇ ನಿಂತಿತಾ?”

“ಪೂರ್ತಿ.”

“ಧಡ್ ಅಂದಿದ್ದು ಅದು ಹೊಡ್ಕೊಳ್ತಿರುವಾಗ್ಲಾ?”

“ಹೂಂ... ಮಧ್ಯದಲ್ಲಿ.”

“ಹಾಗಾದ್ರೆ ಅವಳು ಬಿದ್ದ ಸದ್ದು ಕೇಳಿದ್ಮೇಲೂ, ಫೋನ್ ನಿಲ್ಲೋ ತನಕ ಕಾಯ್ತಾ ನಿಂತಿದ್ರಾ? ನೀವು?”

ಪಟ್ಟಿಯ ಅಂಚನ್ನು ಬಿಟ್ಟು ಕತ್ತಿ ಜಾರಿತು. ಬಿಳಿ ರಟ್ಟಿಗೆ ಅಡ್ಡಲಾಗಿ ಒಂದು ಸೊಟ್ಟಗಾಯ. ಮೂವತ್ತು ವರ್ಷದಲ್ಲಿ ಆ ಕೈ ಹಾಗೆ ಜಾರಿದ್ದನ್ನು ಯಾರೂ ಕಂಡಿರಲಾರರು.

“ಆ ತೇವದ ಡಬ್ಬಿನ ಮೇಜಿನ ಮೇಲೆ ಇಟ್ಟೋರು ಯಾರು ಮಾಮ?”

“ನಾನೇ.” ಅವರ ದನಿ ಮೆತ್ತಗಾಯಿತು. “ಕಾಗದ ತೆಗೀರಿ, ಹೊಸದು ಹಾಕಿ ಅಂದ್ರು ಇಲ್ಲಿಯವ್ರು. ನಾನು ಬಿಡ್ಲಿಲ್ಲ. ಅವಳು ಕೈಯಾರೆ ಸುತ್ತಿದ ಕೊನೇ ಕಾಗದ ಅದು. ಹಾಗೇ ಇರ್ಲಿ ಅಂದೆ.”

“ಆ ಕಾಗದ ಮಾತಾಡುತ್ತೆ, ಮಾಮ. ಎರಡೂ ನಲವತ್ತಕ್ಕೆ ಅವಳು ಬಿದ್ಲು ಅನ್ನುತ್ತೆ. ಎರಡೂ ಐವತ್ತಕ್ಕೆ ಯಾರೋ ಬಾಗಿಲು ತೆಗೆದ್ರು ಅನ್ನುತ್ತೆ.”

ಪ್ರೀತಿಯಿಂದ ಕಾಪಾಡಿದ ವಸ್ತುವೇ ತನ್ನ ಸುಳ್ಳನ್ನು ಒಡೆದದ್ದು ಅರ್ಥವಾಗುತ್ತಿದ್ದಂತೆ ಹಿರಿಯರು ಕತ್ತಿಯನ್ನು ಮೇಜಿನ ಮೇಲಿಟ್ಟು ಮುಕ್ಕಾಲಿಯ ಮೇಲೆ ಕುಸಿದರು. ಗೋಂದು ಮೆತ್ತಿದ ಬೆರಳುಗಳು ಒಂದಕ್ಕೊಂದು ಉಜ್ಜಿಕೊಂಡವು.

“ಧಡ್ ಅಂತ ಕೇಳಿಸ್ಲಿಲ್ಲ,” ಎಂದರು. “ಫೋನ್ ಒಂದೇ ಕೇಳಿಸಿದ್ದು. ಯಾರೂ ತೆಗೀಲಿಲ್ಲ. ಹತ್ತು ನಿಮಿಷ ಬಿಟ್ಟು ಹೋಗಿ ನೋಡ್ದೆ.”

“ಮತ್ತೆ ಯಾಕೆ ಹಾಗೆ ಹೇಳಿದ್ರಿ?”

ಹಿರಿಯರು ಕಿಟಕಿಯ ಕಡೆ ನೋಡಿದರು.

“ಎರಡೂ ಐವತ್ತಕ್ಕೆ ಆ ಬಾಗಿಲ ಹತ್ರ ಯಾರನ್ನ ನೋಡಿದ್ರಿ, ಮಾಮ? ಈ ಕಿಟಕಿಯಿಂದ ಉಗ್ರಾಣದ ಮೆಟ್ಟಿಲು ಕಾಣುತ್ತೆ.”

“ಆ ಮಗುಗೆ ಇನ್ನು ಉಳಿದಿರೋದು ಒಬ್ರೇ, ತಾಯಿ,” ಎಂದರು ಹಿರಿಯರು, ಬಹಳ ನಿಧಾನಕ್ಕೆ. “ಗೆರೆ ಓದೋಕ್ಕೆ ಮುಂಚೆ ಅದನ್ನ ಯೋಚ್ನೆ ಮಾಡು.”

ಆ ಒಬ್ಬರು ಯಾರೆಂದು ಪರೀಕ್ಷಕಿ ಕೇಳಬೇಕಾಗಿರಲಿಲ್ಲ. ಆದರೂ ಅವಳ ಬಾಯಿಂದ ಬಂದದ್ದು ಬೇರೆಯದೇ ಮಾತು.

“ಆ ಮಗು ಏನಂದ್ಕೊಂಡಿದೆ ಅಂತ ಗೊತ್ತಾ ನಿಮಗೆ? ನಾನು ಫೋನ್ ಮಾಡಿದ್ದಕ್ಕೇ ಅಮ್ಮ ಬಿದ್ಲು ಅಂತ. ಮನೇಲಿ ಫೋನ್ ಹೊಡ್ಕೊಂಡ್ರೆ ಮೇಜಿನ ಕೆಳಗೆ ಹೋಗಿ ಕೂರುತ್ತೆ. ಕಿವಿ ಮುಚ್ಚಿಕೊಂಡು ಎಣಿಸುತ್ತೆ, ನಿಲ್ಲೋ ತನಕ. ಎಂಟು ತಿಂಗಳಿಂದ.”

ಹಿರಿಯರು ತಲೆಯೆತ್ತಿದರು. “ಯಾರು ಹೇಳಿದ್ರು ಅದಕ್ಕೆ?”

“ನೀವು. ನೀವು ಪೊಲೀಸ್‌ನೋರಿಗೆ ಹೇಳಿದ್ರಿ. ಅವ್ರು ಮನೇಲಿ ಹೇಳಿದ್ರು. ಬಂದೋರೆಲ್ಲ ಅದನ್ನೇ ಹೇಳಿ ಹೇಳಿ ಅತ್ರು. ಅದು ಬಾಗಿಲ ಹಿಂದೆ ಕೂತಿತ್ತು.”

ಹಿರಿಯರು ಸೊಟ್ಟಗೆ ಸೀಳಿದ ರಟ್ಟನ್ನು ಎತ್ತಿ, ಗಾಯವನ್ನು ಕೂಡಿಸಬಹುದೇನೋ ಎಂಬಂತೆ ಎರಡು ಹೆಬ್ಬೆರಳುಗಳಿಂದ ಒತ್ತಿ ಹಿಡಿದರು.

*

“ಮೂರೇ ಮುದ್ರೆ. ನಾನು ಹೇಳಿರ್ಲಿಲ್ವಾ?” ಗುಬ್ಬಿ ಗಾಜಿನೆದುರು ಕಾಯುತ್ತಿದ್ದಳು. “ಚಿಕ್ಕೀ, ಅಮ್ಮಂಗೆ ಕನ್ನಡಕ ಸಿಕ್ಕಿತ್ತು ನೋಡು.”

“ಸಿಕ್ಕಿತ್ತು ಅಂದ್ರೆ?”

“ಅವತ್ತು ಬೆಳಿಗ್ಗೆ ಅಮ್ಮ ಕನ್ನಡಕ ಮರೆತು ಹೋಗಿದ್ಲು. ನಾನು ಸ್ಕೂಲಿಗೆ ಹೋಗುವಾಗ ಊಟದ ಮೇಜಿನ ಮೇಲಿತ್ತು. ಆ ದಾರ ಸುತ್ತಿದ್ದು ನಾನೇ.” ಅವಳ ದನಿ ಸಣ್ಣದಾಯಿತು. “ಸಂಜೆ ಬಂದು ನೋಡಿದ್ರೆ ಇರ್ಲಿಲ್ಲ. ಬಂದು ತಗೊಂಡು ಹೋದ್ಯಾ ಅಂತ ಕೇಳೋಣ ಅಂತ... ಅದಕ್ಕೇ ಮಾಡಿದ್ದು. ಸುಮ್ನೆ ಮಾಡಿರ್ಲಿಲ್ಲ.”

ಪರೀಕ್ಷಕಿ ಅವಳ ತಲೆಯ ಮೇಲೆ ಕೈಯಿಟ್ಟಳು.

ಅಕ್ಕ ಅಂದು ಮನೆಗೆ ಹಿಂತಿರುಗಿರಲಿಲ್ಲ. ಅಂದು ಹಗಲು ಮನೆಯಲ್ಲಿದ್ದವರು ಒಬ್ಬರೇ. ಮೂರರ ತನಕ ಮಲಗಿದ್ದೆ, ಎದ್ದವನೇ ಡಿಪೋಗೆ ಹೋದೆ ಎಂದು ಎಂಟು ತಿಂಗಳ ಹಿಂದೆ ಎಲ್ಲರೆದುರು ಹೇಳಿದವರು.

ಅವರು ಈಗ ಎರಡು ಕೈಯಲ್ಲಿ ಎರಡು ಐಸ್‌ಕ್ರೀಮ್ ಬಟ್ಟಲು ಹಿಡಿದು, ಒಂದು ಹನಿಯೂ ಚೆಲ್ಲದಂತೆ, ಜನರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದರು. ಅಜ್ಜಿಯನ್ನು ದೂರದ ಬೆಂಚಿನ ಮೇಲೆ ಕೂರಿಸಿದ್ದರು.

ಪರೀಕ್ಷಕಿ ನಾಲ್ಕು ಹೆಜ್ಜೆ ಎದುರು ನಡೆದಳು, ಮಗುವಿಗೆ ಕೇಳಿಸದಷ್ಟು.

“ಭಾವಾ, ಕನ್ನಡಕ ತಂದುಕೊಟ್ಟಿದ್ದು ನೀವಾ?”

ಭಾವ ನಿಂತರು. ಯಾವ ಕನ್ನಡಕ ಎಂದು ಕೇಳಲಿಲ್ಲ.

“ಹೂಂ,” ಎಂದರು. “ಎರಡೂ ಇಪ್ಪತ್ತಿರ್ಬೇಕು. ಮೇಲಿನ ಅರೆಯಿಂದ ಏನೋ ತೆಗೀತಾ ಇದ್ಲು. ಏಣಿ ಮೇಲೆ ನಿಂತೇ ಹಾಕ್ಕೊಂಡು ನಕ್ಕಳು. ‘ಈಗ ಕಂಡ್ರಿ ನೋಡಿ, ಇಷ್ಟೊತ್ತು ಬರೀ ಮಬ್ಬಾಗಿದ್ರಿ,’ ಅಂದ್ಲು.” ಬಟ್ಟಲುಗಳನ್ನು ನೋಡುತ್ತ ಮುಂದುವರಿಸಿದರು. “ಎರಡೂವರೆಗೆ ಹೊರಟೆ. ಆಣೆ ಮಾಡಿ ಹೇಳ್ತೀನಿ. ನಾನು ಹೊರಟಾಗ ನಗ್ತಾ ಇದ್ಲು.”

ಎರಡು ಇಪ್ಪತ್ತಕ್ಕೆ ಹಲ್ಲು. ಎರಡೂವರೆಗೆ ಹಲ್ಲು. ಬಂದರು, ಹೋದರು, ಗೆರೆ ಅವರ ಮಾತಿಗೆ ಸಾಕ್ಷಿ ಹೇಳುತ್ತಿತ್ತು. ಎರಡು ನಲವತ್ತರಲ್ಲಿ ಇವರು ಅಲ್ಲಿರಲಿಲ್ಲ. ಇನ್ನೊಂದೇ ಪ್ರಶ್ನೆ ಉಳಿದಿತ್ತು. ಅದನ್ನು ಕೇಳದೆ ಬಿಡಬಹುದಿತ್ತು. ಹುಡುಕಿದರೆ ಸಿಗಬೇಕು ಎಂದವಳ ತಂಗಿ ಅವಳು.

“ಆಮೇಲೆ? ತಿರುಗಿ...”

“ಫ್ರೇಮ್ ಮಾಮಾ!” ಎಂದು ಗುಬ್ಬಿ ಕೂಗಿದಳು.

ಇಬ್ಬರೂ ತಿರುಗಿದರು.

ಗಾಜಿನೊಳಗೆ, ಅಕ್ಕನ ಮೇಜಿನ ಪಕ್ಕದಲ್ಲಿ, ಹಿರಿಯರು ನಿಂತಿದ್ದರು. ಹಿತ್ತಾಳೆಯ ಉರುಳೆ ಬರಿದಾಗಿತ್ತು. ಕಾಗದವನ್ನು ಅವರು ನೆಟ್ಟಗೆ ಬಿಡಿಸಿ, ಎರಡೂ ಕೈಗಳಿಂದ ಗಾಜಿಗೆ ಒತ್ತಿ, ಮಗುವಿನ ಕಣ್ಣಿನ ಎತ್ತರಕ್ಕೆ ಹಿಡಿದಿದ್ದರು.

ಪರೀಕ್ಷಕಿ ಓಡಿದಳು. ಆದರೆ ಓದಲು ಬರುವ ಮಗುವಿಗೆ ಎಷ್ಟು ಹೊತ್ತು ಬೇಕು? ಗೋಂದಿನ ಬೆರಳು ಎರಡು ನಲವತ್ತರ ಗೀಟನ್ನು ಮುಟ್ಟಿತು. ಆಮೇಲೆ ನಾಲ್ಕು ಹತ್ತಕ್ಕೆ ಸರಿಯಿತು. ಅಲ್ಲಿ ಏನೂ ಇರಲಿಲ್ಲ, ಸಮವಾದ ಗೆರೆಯೊಂದೇ. ಹಿರಿಯರು ಗುಬ್ಬಿಯನ್ನೇ ನೋಡುತ್ತ, ಕಣ್ಣೀರು ಸುರಿಸುತ್ತ, ತಲೆಯನ್ನು ಅತ್ತಿಂದಿತ್ತ ಆಡಿಸಿದರು. ಅಲ್ಲ. ನೀನಲ್ಲ. ನೀನಲ್ಲ.

ಗುಬ್ಬಿಯ ಎರಡೂ ಅಂಗೈಗಳು ಗಾಜಿನ ಮೇಲಿದ್ದವು. “ಎರಡೂ ನಲವತ್ತು,” ಎಂದಳು. “ಆಗ ನಾನು ಸ್ಕೂಲಲ್ಲಿದ್ದೆ, ಚಿಕ್ಕೀ. ಲೆಕ್ಕದ ಪೀರಿಯಡ್ಡು.” ಅವಳ ಮುಖದಲ್ಲಿ ಎಂಟು ತಿಂಗಳಿಂದ ಬಿಗಿಹಿಡಿದ ಏನೋ ಒಂದು ಬಿಟ್ಟುಹೋಯಿತು, ತುಟಿ ಅದುರಿತು, ಅಳುವಿಗೂ ನಗುವಿಗೂ ನಡುವೆ ನಿಂತ ಮುಖ.

ಆಗ ಅವಳ ಕಣ್ಣು ಮುಂದಿನ ಹಲ್ಲಿನ ಮೇಲೆ ಬಿತ್ತು.

“ಇಲ್ಲಿ ಬಾಗಿಲು ತೆಗೆದಿದಾರೆ,” ಎಂದಳು. “ಅಮ್ಮ ಬಿದ್ಮೇಲೆ. ಯಾರು, ಮಾಮಾ?”

ಗಾಜು ದಪ್ಪ, ಪ್ರಶ್ನೆ ಒಳಗೆ ಕೇಳಿಸಿರಲಾರದು. ಆದರೆ ಮಗುವಿನ ತುಟಿಯನ್ನು ಓದುವುದು ಕಷ್ಟವಿರಲಿಲ್ಲ. ಹಿರಿಯರು ಕಣ್ಣು ಮುಚ್ಚಿ ತೆರೆದರು. ಆಮೇಲೆ ಕಾಗದದ ಮೇಲಿನಿಂದ ಆ ಬೆರಳು ಎದ್ದಿತು. ಗುಬ್ಬಿಯನ್ನು ದಾಟಿ, ಅವಳ ಚಿಕ್ಕಿಯ ಹೆಗಲನ್ನು ದಾಟಿ, ಹಿಂದೆ ನಿಂತವರ ಕಡೆ ತಿರುಗಿ, ಅಲ್ಲಿಯೇ ನಿಂತಿತು.

ಭಾವ ಆ ಬೆರಳನ್ನು ನೋಡಿದರು. ಅಲ್ಲ ಎನ್ನಲಿಲ್ಲ. ಬಟ್ಟಲಿನ ಐಸ್‌ಕ್ರೀಮ್ ಕರಗಿ ಮಣಿಕಟ್ಟಿನಿಂದ ತೊಟ್ಟಿಕ್ಕುತ್ತಿತ್ತು.

ಗುಬ್ಬಿ ನಿಧಾನವಾಗಿ ಅಪ್ಪನ ಬಳಿ ನಡೆದು ಬಂದಳು. ಅವಳ ದನಿಯಲ್ಲಿ ಆರೋಪದ ಸುಳಿವೂ ಇರಲಿಲ್ಲ. ಒಂದು ಹಸಿವು ಮಾತ್ರ ಇತ್ತು.

“ಅಪ್ಪಾ, ನೀನು ಆಮೇಲೆ ಅಮ್ಮನ್ನ ನೋಡಿದ್ಯಾ? ಆಗ ಅಮ್ಮ ಏನಾದ್ರೂ ಹೇಳಿದ್ಲಾ?”

ಭಾವ ಎರಡೂ ಬಟ್ಟಲುಗಳನ್ನು ನೆಲದ ಮೇಲಿಟ್ಟರು. ಮಗಳ ಎದುರು ಮೊಣಕಾಲೂರಿದರು. ಇಲ್ಲ ಅನ್ನಿ ಭಾವಾ, ಎಂದು ಪರೀಕ್ಷಕಿಯ ಮನಸ್ಸು ಅಂಗಲಾಚುತ್ತಿತ್ತು. ನೀವು ನೋಡುವ ಹೊತ್ತಿಗೆ ಎಲ್ಲ ಮುಗಿದಿತ್ತು ಅನ್ನಿ.

“ಹೇಳಿದ್ಲು,” ಎಂದರು ಭಾವ.